ಮಿಲ್ಟನ್ ಕಾವ್ಯದಲ್ಲಿ ಲೋಕಾಂತ್ಯವನ್ನು ಓದುವುದು ಹೇಗೆ: ‘ತನಕ’ ಹಿಡಿದು ನಡೆಯುವ ದಾರಿ

ಆದಾಮ ಹವ್ವರು ಏದೆನ್ ತೋಟ ಕಳೆದುಕೊಂಡ ಕಥೆ ಹೇಳುವ, ಇಂಗ್ಲಿಷ್ ಕವಿ ಜಾನ್ ಮಿಲ್ಟನ್ ಬರೆದ ‘ಪ್ಯಾರಡೈಸ್ ಲಾಸ್ಟ್’ ಓದುವವರು ಒಂದೇ ಜಾಗದಲ್ಲಿ ಎಡವುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಕ್ರೈಸ್ತರ ಲೋಕಾಂತ್ಯದ ನಂಬಿಕೆ ಈ ಕಾವ್ಯದಲ್ಲಿ ಎಲ್ಲಿದೆ ಎಂದು ಕೇಳಿದರೆ ಥಟ್ಟನೆ 1ನೇ ಪುಸ್ತಕ (ಕಾವ್ಯದ ಒಂದೊಂದು ಭಾಗಕ್ಕೂ ‘ಪುಸ್ತಕ’ ಎಂದೇ ಹೆಸರು) ತೆರೆಯುತ್ತಾರೆ. ಅಲ್ಲಿ ಬೆಂಕಿಯ ಕೆರೆ ಇದೆ, ಸರಪಳಿ ಇದೆ, ಸೈತಾನ ಬಿದ್ದುಕೊಂಡಿದ್ದಾನೆ. ಇದೇ ಕಡೇ ತೀರ್ಪು ಎಂದು ಬರೆದುಬಿಡುತ್ತಾರೆ. ಆದರೆ ಆ ಹೊತ್ತಿಗೆ ಲೋಕ ಇನ್ನೂ ಎಳೆಯದು. ಆದಾಮ ಹವ್ವರ ಕಥೆ ಶುರುವೇ ಆಗಿಲ್ಲ.

ಮೊದಲ ಓದಿನಲ್ಲಿ ನಾನೂ ಹೀಗೇ ಓದಿದೆ. ತಪ್ಪು ಗೊತ್ತಾಗಲು ಬಹಳ ದಿನ ಬೇಕಾಯಿತು. ಸಿಲಬಸ್‌ನಲ್ಲಿ 1ನೇ ಪುಸ್ತಕವೋ 9ನೇ ಪುಸ್ತಕವೋ ಮಾತ್ರ ಇದ್ದರೆ ಈ ತಪ್ಪು ಇನ್ನೂ ಸುಲಭ. ಯಾಕೆಂದರೆ ಲೋಕಾಂತ್ಯದ ಮಾತು ಇರುವುದು 3, 10, 11 ಮತ್ತು 12ನೇ ಪುಸ್ತಕಗಳಲ್ಲಿ. ಒಟ್ಟು 10,565 ಸಾಲುಗಳ ಕಾವ್ಯದಲ್ಲಿ ಅದಕ್ಕೆ ಸಿಕ್ಕಿರುವುದು ನೂರು ಸಾಲಿನಷ್ಟು ಜಾಗ. ಸರಿಯಾದ ಕ್ರಮದಲ್ಲಿ ಹೋದರೆ ನಾಲ್ಕೈದು ಸಂಜೆಯ ಕೆಲಸ.

ಮೊದಲು ಕೈಯಲ್ಲಿ ಏನೇನು ಇರಬೇಕು

12 ಪುಸ್ತಕಗಳಿರುವ ಪಠ್ಯ ಬೇಕು. 1667ರ ಮೊದಲ ಮುದ್ರಣದಲ್ಲಿ ಕಾವ್ಯ 10 ಪುಸ್ತಕಗಳಲ್ಲಿತ್ತು. 1674ರಲ್ಲಿ ಮಿಲ್ಟನ್ 7ನೆಯದನ್ನೂ 10ನೆಯದನ್ನೂ ಎರಡೆರಡಾಗಿ ಒಡೆದರು. ಹಳೆಯ ಪಠ್ಯದ ಮರುಮುದ್ರಣ ಸಿಕ್ಕರೆ ಅದರಲ್ಲಿ 11, 12 ಎಂಬ ಅಂಕಿಯೇ ಇರುವುದಿಲ್ಲ. ಅಲ್ಲಿ ಹುಡುಕಿ ಬೇಸತ್ತವರಿದ್ದಾರೆ. ಇಲ್ಲಿ ಕೊಡುವ ಅಂಕಿಗಳೆಲ್ಲ 1674ರ ಲೆಕ್ಕದವು. ಆವೃತ್ತಿ ಬದಲಾದರೆ ಒಂದೆರಡು ಸಾಲು ಆಚೀಚೆ ಆಗಬಹುದು. ಡಾರ್ಟ್‌ಮತ್ ಕಾಲೇಜಿನ ‘ಜಾನ್ ಮಿಲ್ಟನ್ ರೀಡಿಂಗ್ ರೂಮ್’ ಜಾಲತಾಣದಲ್ಲಿ ಟಿಪ್ಪಣಿ ಸಮೇತ ಪಠ್ಯ ಉಚಿತವಾಗಿ ಸಿಗುತ್ತದೆ.

ಕನ್ನಡ ಬೈಬಲ್ ಬೇಕೇ ಬೇಕು. ಇಂಗ್ಲಿಷ್ ಬೈಬಲ್ ಇದ್ದರೂ ಕನ್ನಡದ್ದನ್ನು ಪಕ್ಕದಲ್ಲಿಡಿ. ಇಂಗ್ಲಿಷಿನಲ್ಲಿ ಒಂದೇ ಪದ ಇರುವ ಕಡೆ ಕನ್ನಡದಲ್ಲಿ ಎರಡು ಪದ ಇದ್ದು ಗೊಂದಲ ಬಿಡಿಸುತ್ತದೆ. ಹೇಗೆಂದು 3ನೇ ಹಂತದಲ್ಲಿ ತೋರಿಸುತ್ತೇನೆ.

ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಕಾಲಂ ಹಾಕಿ: ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಕಥೆಯ ಯಾವ ಹೊತ್ತಿನಲ್ಲಿ, ಬೈಬಲಿನ ಯಾವ ಮಾತು. ಈ ನಾಲ್ಕು ಕಾಲಂ ತುಂಬದೆ ಒಂದು ಸಾಲನ್ನೂ ‘ಮಿಲ್ಟನ್ ನಂಬಿಕೆ’ ಎಂದು ಬರೆಯಬೇಡಿ. ಗೈಡ್ ಪುಸ್ತಕ, ಸಾರಾಂಶ ಇವನ್ನೆಲ್ಲ ಕೊನೆಗೆ ನೋಡಿ. ಮೊದಲೇ ನೋಡಿದರೆ ಅವರ ಕಣ್ಣಿಗೆ ಬಿದ್ದದ್ದಷ್ಟೇ ನಿಮ್ಮ ಕಣ್ಣಿಗೂ ಬೀಳುತ್ತದೆ.

ಹಂತ 1: ಬೈಬಲಿನ ಏಳು ಭಾಗಗಳನ್ನು ಒಂದು ಸಂಜೆ ಓದಿ

ಕಾವ್ಯ ತೆರೆಯುವ ಮೊದಲು ಇವನ್ನು ಓದಿ. ಬೈಬಲಿನ ಕೊನೆಯ ಭಾಗವಾದ ಪ್ರಕಟನೆ ಪುಸ್ತಕವನ್ನು ಪೂರ್ತಿ ಓದಲು ಹೋಗಬೇಡಿ. ಮುದ್ರೆ, ಕಹಳೆ, ಪಾತ್ರೆಗಳ ಸಾಲಿನಲ್ಲಿ ಸಿಕ್ಕಿಕೊಂಡು ಅರ್ಧಕ್ಕೇ ಬಿಟ್ಟುಬಿಡುವವರು ಜಾಸ್ತಿ.

ದಾನಿಯೇಲ 2: ರಾಜನ ಕನಸಿನ ಪ್ರತಿಮೆ, ಅದನ್ನು ಒಡೆದು ಲೋಕವನ್ನೆಲ್ಲ ತುಂಬುವ ಕಲ್ಲು.

1 ಕೊರಿಂಥ 15:20–28: ಕ್ರಿಸ್ತನು ರಾಜ್ಯವನ್ನು ತಂದೆಗೆ ಒಪ್ಪಿಸುವುದು, ಕೊನೆಯ ಶತ್ರುವಾದ ಮರಣ ಅಳಿಯುವುದು.

1 ಥೆಸಲೊನೀಕ 4:13–18: ಕರ್ತನ ಬರೋಣ, ಪ್ರಧಾನ ದೂತನ ಶಬ್ದ, ತುತೂರಿ, ನಿದ್ದೆಹೋದವರು ಏಳುವುದು.

2 ಪೇತ್ರ 3:3–13: ಒಮ್ಮೆ ನೀರಿನಿಂದ ನಾಶವಾದ ಲೋಕ ಮುಂದೆ ಬೆಂಕಿಗೆ ಸಿಗುವುದು, ನೂತನ ಆಕಾಶಮಂಡಲ ಮತ್ತು ನೂತನ ಭೂಮಂಡಲ. ಮಿಲ್ಟನ್ ಜಾಸ್ತಿ ಎರವಲು ಪಡೆದದ್ದು ಇಲ್ಲಿಂದ. ಇದನ್ನು ಎರಡು ಸಲ ಓದಿ.

ಪ್ರಕಟನೆ 12, 20, 21: ಪ್ರಧಾನ ದೂತ ಮಿಕಾಯೇಲನ ಯುದ್ಧ ಮತ್ತು ಘಟಸರ್ಪ (ಅಂದರೆ ಸೈತಾನ), ಸಾವಿರ ವರುಷ ಮತ್ತು ಬೆಂಕಿಯ ಕೆರೆ, ಹೊಸ ಯೆರೂಸಲೇಮ್.

ಪ್ರತಿಯೊಂದಕ್ಕೂ ಒಂದೊಂದು ಸಾಲಿನ ಟಿಪ್ಪಣಿ ಬರೆದಿಟ್ಟುಕೊಳ್ಳಿ. ಕಂಠಪಾಠ ಬೇಡ. ಕಾವ್ಯದಲ್ಲಿ ಎದುರಾದಾಗ ಗುರುತು ಹತ್ತಿದರೆ ಸಾಕು.

ಹಂತ 2: ನಮ್ಮ ಪ್ರಳಯವನ್ನು ಸ್ವಲ್ಪ ಹೊತ್ತು ಬದಿಗಿಡಿ

ಇದು ಕನ್ನಡ ಓದುಗರಿಗೇ ಹೇಳಬೇಕಾದ ಮಾತು. ಲೋಕ ಸುಟ್ಟು ಹೊಸದಾಗುತ್ತದೆ ಎಂದು ಓದಿದ ಕೂಡಲೇ ನಮಗೆ ಪ್ರಳಯ, ಕಲ್ಕಿ, ಕೃತಯುಗ ಎಲ್ಲ ನೆನಪಾಗುತ್ತವೆ. ಅದು ಸಹಜ. ಆದರೆ ನಮ್ಮ ಲೆಕ್ಕದಲ್ಲಿ ಕಲಿಯುಗ ಮುಗಿದರೆ ಮತ್ತೆ ಕೃತಯುಗ, ಮತ್ತೆ ಕಲಿ. ಚಕ್ರ ತಿರುಗುತ್ತಲೇ ಇರುತ್ತದೆ. ಮಿಲ್ಟನ್ ನಂಬಿದ ಕಾಲಕ್ಕೆ ಒಂದು ಶುರು, ಒಂದು ಕೊನೆ. ಲೋಕ ಒಂದೇ ಸಲ ಉರಿಯುತ್ತದೆ. ಆಮೇಲೆ ಇನ್ನೊಂದು ಸುತ್ತು ಇಲ್ಲ.

12ನೇ ಪುಸ್ತಕದ 555ನೇ ಸಾಲಿನಲ್ಲಿ ಆದಾಮ ಹೇಳುವ ಮಾತು ಇದಕ್ಕೆ ಬೀಗದ ಕೈ. ಕಾಲ ಓಡುತ್ತಾ ಓಡುತ್ತಾ ಕೊನೆಗೆ ‘ಕದಲದೆ ನಿಂತುಬಿಡುತ್ತದೆ’ ಎನ್ನುತ್ತಾನೆ ಅವನು. ಅದರಾಚೆಗೆ ಕಣ್ಣು ಮುಟ್ಟದ ಅನಂತ. ಚಕ್ರದ ಕಲ್ಪನೆ ತಲೆಯಲ್ಲಿದ್ದರೆ ಈ ಸಾಲು ಅರ್ಥವೇ ಆಗುವುದಿಲ್ಲ. ಎರಡು ನಂಬಿಕೆಗಳನ್ನು ಹೋಲಿಸಿ ಬರೆಯುವ ಆಸೆ ಇದ್ದರೆ ಓದು ಮುಗಿದ ಮೇಲೆ ಬರೆಯಿರಿ. ಓದುವಾಗಲೇ ಹೋಲಿಸಿದರೆ ಎರಡೂ ಕಲಸಿಹೋಗುತ್ತವೆ.

ಹಂತ 3: 3ನೇ ಪುಸ್ತಕದ 19 ಸಾಲುಗಳನ್ನು ಬೆನ್ನೆಲುಬು ಮಾಡಿಕೊಳ್ಳಿ

ಈಗ ಕಾವ್ಯ ತೆರೆಯಿರಿ. ಆದರೆ 1ನೇ ಪುಸ್ತಕದಿಂದ ಅಲ್ಲ. ನೇರ 3ನೆಯದರ 323ರಿಂದ 341ನೇ ಸಾಲಿಗೆ ಹೋಗಿ. ಪರಲೋಕದಲ್ಲಿ ತಂದೆಯಾದ ದೇವರು ಮಗನಾದ ಕ್ರಿಸ್ತನಿಗೆ ಹೇಳುವ ಮಾತು ಇದು. ಆದಾಮ ಇನ್ನೂ ಪಾಪ ಮಾಡಿಲ್ಲ. ಆಗಲೇ ಕೊನೆಯ ದಿನದ ಪೂರ್ತಿ ಕಾರ್ಯಕ್ರಮವನ್ನು ತಂದೆ ಹೇಳಿ ಮುಗಿಸುತ್ತಾನೆ.

ಆ ಕ್ರಮವನ್ನು ನೋಟ್‌ಬುಕ್‌ನಲ್ಲಿ ಹೀಗೆ ಇಳಿಸಿಕೊಳ್ಳಿ. ಮಗನು ಆಕಾಶದಲ್ಲಿ ಕಾಣಿಸಿಕೊಳ್ಳುವನು. ಪ್ರಧಾನ ದೂತರು ಕರೆ ಸಾರುವರು. ಬದುಕಿರುವವರೂ ಸತ್ತವರೂ ಎಲ್ಲ ದಿಕ್ಕಿನಿಂದ ಬರುವರು, ಆ ಸದ್ದು ಸತ್ತವರ ನಿದ್ದೆ ಕೆಡಿಸುವುದು. ಕೆಟ್ಟ ಮನುಷ್ಯರಿಗೂ ಕೆಟ್ಟ ದೂತರಿಗೂ ತೀರ್ಪಾಗುವುದು. ನರಕ ತುಂಬಿ, ಅದರ ಬಾಗಿಲು ಎಂದೆಂದಿಗೂ ಮುಚ್ಚುವುದು. ಅಷ್ಟರಲ್ಲಿ ಲೋಕ ಉರಿದು, ಅದರ ಬೂದಿಯಿಂದ ಹೊಸ ಆಕಾಶ, ಹೊಸ ಭೂಮಿ ಏಳುವವು. ನೀತಿವಂತರು ಬಂಗಾರದ ದಿನಗಳನ್ನು ಕಾಣುವರು. ಕೊನೆಗೆ ಮಗನು ರಾಜದಂಡವನ್ನು ಕೆಳಗಿಡುವನು.

ಆ ಕೊನೆಯ ಸಂಗತಿಯನ್ನು ಬಹಳ ಜನ ಗಮನಿಸುವುದೇ ಇಲ್ಲ. ಗೆದ್ದ ಅರಸು ದಂಡ ಹಿಡಿದು ಕೂರುವ ಚಿತ್ರ ನಮಗೆ ರೂಢಿ. ಇಲ್ಲಿ ಗೆದ್ದ ಮೇಲೆ ದಂಡವೇ ಬೇಡವಾಗುತ್ತದೆ, ದೇವರೇ ಎಲ್ಲರಲ್ಲೂ ಎಲ್ಲವೂ ಆಗುತ್ತಾನೆ. 1 ಕೊರಿಂಥ 15:28 ಓದಿದ್ದರೆ ಇದು ಎಲ್ಲಿಂದ ಬಂತು ಎಂದು ತಕ್ಷಣ ತಿಳಿಯುತ್ತದೆ. ನನಗೆ ಇಡೀ ಕಾವ್ಯದಲ್ಲಿ ತುಂಬ ಇಷ್ಟವಾದ ಜಾಗಗಳಲ್ಲಿ ಇದೂ ಒಂದು.

ಇಲ್ಲಿ ಮೂರು ಪದಗಳು ಕಾಲಿಗೆ ತೊಡರುತ್ತವೆ.

‘ವರ್ಲ್ಡ್’ ಎಂದರೆ ಭೂಮಿ ಎಂದು ಬರೆಯಬೇಡಿ. ಮಿಲ್ಟನ್‌ಗೆ ಅದು ಸೂರ್ಯ, ಚಂದ್ರ, ನಕ್ಷತ್ರಗಳೆಲ್ಲ ಸೇರಿದ ಇಡೀ ಗೋಳ. 2ನೇ ಪುಸ್ತಕದ ಕೊನೆಯಲ್ಲಿ ಅದು ಪರಲೋಕದಿಂದ ಬಂಗಾರದ ಸರಪಳಿಯಲ್ಲಿ ತೂಗುವುದನ್ನು ಸೈತಾನ ದೂರದಿಂದ ಕಾಣುತ್ತಾನೆ. ಉರಿಯುವುದು ಆ ಇಡೀ ಗೋಳ.

‘ಹೆವನ್’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ದೇವರು ಇರುವ ಜಾಗವೂ ಅದೇ, ತಲೆಯ ಮೇಲಿನ ಆಕಾಶವೂ ಅದೇ. ಕನ್ನಡ ಬೈಬಲಿನಲ್ಲಿ ಮೊದಲನೆಯದು ಪರಲೋಕ, ಎರಡನೆಯದು ಆಕಾಶಮಂಡಲ. ಹೊಸದಾಗುವುದು ಆಕಾಶಮಂಡಲ. ಪರಲೋಕ ಸುಟ್ಟು ಹೊಸದಾಗುತ್ತದೆ ಎಂದು ಬರೆದರೆ ತಪ್ಪು.

ಮುಂದೆ ಆಗುವುದನ್ನು ಹೇಳುವ ‘ಶಾಲ್’ (shall) ಬಂದ ಕಡೆ ನಮ್ಮ ಕನ್ನಡವೇ ಕೈಕೊಡುತ್ತದೆ. ‘ಲೋಕ ಉರಿಯುತ್ತದೆ’ ಎಂದರೆ ಈಗ ಉರಿಯುತ್ತಿದೆ ಎಂದೂ ಆಗುತ್ತದೆ, ಮುಂದೆ ಎಂದೂ ಆಗುತ್ತದೆ. ಅನುವಾದಿಸಿಕೊಳ್ಳುವಾಗ ‘ಉರಿಯುವುದು’, ‘ಬರುವನು’ ಎಂಬ ಬೈಬಲ್ ರೂಪಗಳನ್ನೇ ಬಳಸಿ. ಹಳೆಯದಾಗಿ ಕೇಳಿಸಿದರೂ ಪರವಾಗಿಲ್ಲ. ಈ ಕಾವ್ಯದಲ್ಲಿ ಲೋಕಾಂತ್ಯ ಎಲ್ಲೂ ನಡೆಯುವುದಿಲ್ಲ, ಬರೀ ಮುಂದೆ ನಡೆಯುವುದೆಂದು ಹೇಳಲ್ಪಡುತ್ತದೆ. ಆ ‘ಮುಂದೆ’ ಕಳೆದುಹೋದರೆ ಎಲ್ಲವೂ ಕಳೆದುಹೋದಂತೆ.

ಹಂತ 4: ಈಗ 1 ಮತ್ತು 2ನೇ ಪುಸ್ತಕಕ್ಕೆ ಹಿಂತಿರುಗಿ, ಬಾಗಿಲನ್ನು ನೋಡಿ

ಬೆನ್ನೆಲುಬು ಸಿಕ್ಕಿತಲ್ಲ, ಈಗ ನರಕಕ್ಕೆ ಹೋಗಬಹುದು. ಒಂದೇ ಪ್ರಶ್ನೆ ಇಟ್ಟುಕೊಂಡು ಓದಿ: ಬಾಗಿಲು ತೆರೆದಿದೆಯೋ, ಮುಚ್ಚಿದೆಯೋ?

1ನೇ ಪುಸ್ತಕದ 210ನೇ ಸಾಲಿನ ಸುತ್ತ ಸೈತಾನ ಉರಿಯುವ ಕೆರೆಯ ಮೇಲೆ ಸರಪಳಿಯಲ್ಲಿದ್ದಾನೆ. ಆದರೆ ದೇವರು ಬಿಟ್ಟುಕೊಟ್ಟದ್ದರಿಂದಲೇ ಅವನು ತಲೆ ಎತ್ತಲಾಯಿತು ಎಂದು ಮಿಲ್ಟನ್ ಅಲ್ಲೇ ಹೇಳುತ್ತಾರೆ. 2ನೇ ಪುಸ್ತಕದ 883ನೇ ಸಾಲಿನ ಹತ್ತಿರ ಪಾಪ ಎಂಬವಳು ನರಕದ ಬಾಗಿಲು ತೆರೆಯುತ್ತಾಳೆ. ತೆರೆಯಲು ಆಗುತ್ತದೆ, ಮುಚ್ಚಲು ಅವಳ ಕೈಲಾಗುವುದಿಲ್ಲ. ಅಂದಿನಿಂದ ಬಾಗಿಲು ಹಾರುಹೊಡೆದು ನಿಂತಿದೆ.

ಇದನ್ನು 3ನೇ ಪುಸ್ತಕದ 333ನೇ ಸಾಲಿನ ಜೊತೆ ಇಡಿ. ಕೊನೆಯ ದಿನ ಬಾಗಿಲು ಎಂದೆಂದಿಗೂ ಮುಚ್ಚುವುದು. ಈ ಎರಡರ ನಡುವೆ ಇರುವುದೇ ಮನುಷ್ಯರ ಚರಿತ್ರೆ. 1ನೇ ಪುಸ್ತಕದ ನರಕ ಕಡೇ ಶಿಕ್ಷೆ ಯಾಕೆ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಹಂತ 5: ‘ತನಕ’ದ ಬೇಟೆ

ಇಷ್ಟು ದಿನ ಓದಿದ ಮೇಲೆ ನನಗೆ ಸಿಕ್ಕ ಸುಲಭವಾದ ಉಪಾಯ ಇದು. ಕಾವ್ಯದಲ್ಲಿ ‘ಟಿಲ್’ ಎಂಬ ಪುಟ್ಟ ಪದ ಬಂದಾಗೆಲ್ಲ ಪೆನ್ಸಿಲ್‌ನಿಂದ ಗುರುತು ಮಾಡಿ. ಕನ್ನಡದಲ್ಲಿ ‘ತನಕ’. ಎಲ್ಲ ‘ತನಕ’ವೂ ಲೋಕಾಂತ್ಯದ್ದಲ್ಲ. ಸಂಜೆಯ ತನಕ, ಬರುವ ತನಕ ಎಂಬಂಥವೂ ಇವೆ. ಅವನ್ನು ಬಿಟ್ಟುಬಿಡಿ. ಆದರೆ ಲೋಕಾಂತ್ಯದ ಮಾತು ಬಂದ ಮುಖ್ಯ ಜಾಗಗಳಲ್ಲಿ ಈ ಪದ ಮತ್ತೆ ಮತ್ತೆ ಕಾಣಿಸುತ್ತದೆ.

ಮೊದಲನೆಯದು ಕಾವ್ಯದ ಮೊದಲ ವಾಕ್ಯದಲ್ಲೇ ಇದೆ, 4ನೇ ಸಾಲಿನಲ್ಲಿ. ಒಬ್ಬನ ಅವಿಧೇಯತೆಯಿಂದ ಸಾವು ಬಂತು, ಸಂಕಟ ಬಂತು, ಏದೆನ್ ಹೋಯಿತು, ‘ಇನ್ನೊಬ್ಬ ದೊಡ್ಡ ಮನುಷ್ಯ ನಮ್ಮನ್ನು ಮತ್ತೆ ನಿಲ್ಲಿಸುವ ತನಕ’. ಕಳೆದುಕೊಂಡ ಕಥೆ ಶುರುವಾಗುವ ಮೊದಲೇ ಮರಳಿ ಸಿಗುವ ಮಾತು ಬಂದಾಯಿತು.

ಎರಡನೆಯ ಜಾಗ 10ನೇ ಪುಸ್ತಕದ 629ರಿಂದ 640ರ ವರೆಗೆ. ಪಾಪ ಮತ್ತು ಸಾವು ಲೋಕಕ್ಕೆ ನುಗ್ಗಿದ್ದಾರೆ. ಗೆದ್ದೆವೆಂದು ಅವರ ಭಾವನೆ. ದೇವರು ಹೇಳುತ್ತಾನೆ: ಇವರು ನನ್ನ ನಾಯಿಗಳು, ಮನುಷ್ಯನ ಪಾಪದ ಹೊಲಸನ್ನು ನೆಕ್ಕಲು ನಾನೇ ಕರೆದದ್ದು, ಹೊಟ್ಟೆ ಒಡೆಯುವಷ್ಟು ತುಂಬುವ ತನಕ. ಆಮೇಲೆ ಮಗನು ಒಂದೇ ಬೀಸಿಗೆ ಪಾಪ, ಸಾವು, ಸಮಾಧಿ ಮೂರನ್ನೂ ಎಸೆಯುವನು. ಅವು ಹೋಗಿ ನರಕದ ಬಾಯಿಗೆ ಸಿಕ್ಕಿಕೊಂಡು ಅದನ್ನು ಮುಚ್ಚುವವು. ನೋಡಿದಿರಾ? ಬಾಗಿಲು ತೆರೆದವಳೇ ಕೊನೆಗೆ ಅದಕ್ಕೆ ಬಿರಡೆ. ಪ್ರಕಟನೆ 20:14ರಲ್ಲಿ ಮರಣವನ್ನು ಬೆಂಕಿಯ ಕೆರೆಗೆ ಎಸೆಯುವ ಮಾತು ಇದೆ. ಅದನ್ನು ಬಾಗಿಲು ಮುಚ್ಚುವ ಚಿತ್ರಕ್ಕೆ ಹೊಂದಿಸಿದ್ದು ಮಿಲ್ಟನ್. ಆ ಮಾತಿನ ಕೊನೆಯ ಸಾಲು ಮತ್ತೆ ‘ಅಲ್ಲಿಯ ತನಕ’ ಎಂದೇ ಶುರುವಾಗುತ್ತದೆ: ಆ ದಿನ ಬರುವ ತನಕ ಶಾಪ ಉಳಿಯುವುದು.

ಮೂರನೆಯದು 11ನೇ ಪುಸ್ತಕದ ಕೊನೆಯ ಎರಡು ಸಾಲು, 900 ಮತ್ತು 901. ನೋಹನ ಜಲಪ್ರಳಯ ಇಳಿದಿದೆ, ಮಳೆಬಿಲ್ಲು ಮೂಡಿದೆ. ಬಿತ್ತನೆ, ಸುಗ್ಗಿ, ಬಿಸಿಲು, ಹಿಮ ತಮ್ಮ ದಾರಿಯಲ್ಲೇ ನಡೆಯುವವು, ‘ಬೆಂಕಿ ಎಲ್ಲವನ್ನೂ ತೊಳೆದು ಹೊಸದು ಮಾಡುವ ತನಕ’.

ಇಲ್ಲಿ ಒಂದು ಎಚ್ಚರಿಕೆ. ಜಲಪ್ರಳಯವನ್ನು ನೋಡಿ ಆದಾಮನೇ ಇದು ಕೊನೆಯೆಂದು ಹೆದರುತ್ತಾನೆ. 786ನೇ ಸಾಲಿನಲ್ಲಿ ಮನುಷ್ಯ ಕುಲ ಇಲ್ಲಿಗೇ ಮುಗಿಯಿತೇ ಎಂದು ಕೇಳುತ್ತಾನೆ. ಆ ಗಾಬರಿಯ ಪ್ರಶ್ನೆಯನ್ನು ಹಿಡಿದು ‘ಮಿಲ್ಟನ್ ಜಲಪ್ರಳಯವನ್ನು ಲೋಕಾಂತ್ಯವಾಗಿ ಚಿತ್ರಿಸಿದ್ದಾರೆ’ ಎಂದು ಬರೆಯುವವರಿದ್ದಾರೆ. ‘ಯಾರು ಹೇಳಿದ್ದು’ ಕಾಲಂ ತುಂಬಿದ್ದರೆ ಈ ತಪ್ಪು ಆಗುವುದಿಲ್ಲ.

ಉಳಿದ ಎರಡು ‘ತನಕ’ 12ನೇ ಪುಸ್ತಕದಲ್ಲಿವೆ: ಒಂದು 539ನೇ ಸಾಲಿನಲ್ಲಿ, ಇನ್ನೊಂದು 2ನೇ ಹಂತದಲ್ಲಿ ನೋಡಿದ 555ನೇ ಸಾಲಿನಲ್ಲಿ. ಅದಕ್ಕೆ ಒಂದು ಪೂರ್ತಿ ಸಂಜೆ ಕೊಡಿ.

ಹಂತ 6: 12ನೇ ಪುಸ್ತಕದಲ್ಲಿ ಕೊನೆ ಎರಡು ಸಲ ಬರುತ್ತದೆ, ಎರಡನ್ನೂ ಓದಿ

11ನೇ ಪುಸ್ತಕದಲ್ಲಿ ಮಿಕಾಯೇಲ ಬೆಟ್ಟದ ಮೇಲಿನಿಂದ ಮುಂದಿನ ಕಾಲವನ್ನು ಆದಾಮನಿಗೆ ಕಣ್ಣಾರೆ ತೋರಿಸುತ್ತಾನೆ. 12ನೆಯದರ ಶುರುವಿನಲ್ಲಿ ನಿನ್ನ ಕಣ್ಣು ಸೋತಿದೆ, ಇನ್ನು ಹೇಳುತ್ತೇನೆ ಕೇಳು ಎನ್ನುತ್ತಾನೆ. ಹಾಗಾಗಿ ಲೋಕಾಂತ್ಯವನ್ನು ಆದಾಮ ನೋಡುವುದಿಲ್ಲ, ಕೇಳುತ್ತಾನೆ ಅಷ್ಟೇ. ಆ ಹೊತ್ತಿಗೆ ಮಿಲ್ಟನ್ ಕಣ್ಣು ಕಳೆದುಕೊಂಡು ಹತ್ತಾರು ವರ್ಷವಾಗಿತ್ತು. ಕಾವ್ಯವನ್ನು ಬೇರೆಯವರಿಂದ ಬರೆಸುತ್ತಿದ್ದರು. ಕಾಣದೆ ಕೇಳಿ ನಂಬುವ ಆದಾಮನನ್ನು ಓದುವಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಮೊದಲ ಸಲ ಕೊನೆ ಬರುವುದು 458ರಿಂದ 465ರಲ್ಲಿ. ಕ್ರಿಸ್ತ ಏರಿಹೋಗಿ, ಲೋಕ ಕರಗುವ ಹೊತ್ತು ಹಣ್ಣಾದಾಗ ಮರಳಿ ಬಂದು, ಬದುಕಿರುವವರಿಗೂ ಸತ್ತವರಿಗೂ ತೀರ್ಪು ಕೊಡುವನು. ಆಗ ಭೂಮಿಯೆಲ್ಲ ತೋಟವಾಗುವುದು, ಏದೆನ್‌ಗಿಂತ ಎಷ್ಟೋ ಸುಖವಾದ ಜಾಗ, ಎಷ್ಟೋ ಸುಖವಾದ ದಿನಗಳು. ಬಹಳ ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಆದಾಮನೂ ಇಲ್ಲೇ ಕುಣಿದಾಡುವಷ್ಟು ಸಂತೋಷಪಡುತ್ತಾನೆ.

ನೀವು ನಿಲ್ಲಬೇಡಿ. 480ರ ಸುತ್ತ ಆದಾಮ ಒಂದು ಪ್ರಶ್ನೆ ಕೇಳುತ್ತಾನೆ. ಕ್ರಿಸ್ತ ಮೇಲೆ ಹೋದ ಮೇಲೆ ಕೆಳಗೆ ಉಳಿದ ಕೆಲವೇ ನಂಬಿಗಸ್ತರ ಗತಿ ಏನು? ಎಂಥ ಒಳ್ಳೆಯ ಪ್ರಶ್ನೆ ಅಲ್ವಾ? ಮೊದಲ ವಿವರಣೆ ನಡುವಿನ ಕಾಲವನ್ನು ಹಾರಿಹೋಗಿತ್ತು. ಈಗ ಮಿಕಾಯೇಲ ಅದನ್ನು ತುಂಬುತ್ತಾನೆ, ಮತ್ತು ಅದು ಕಹಿಯಾಗಿದೆ. ಅಪೊಸ್ತಲರ (ಕ್ರಿಸ್ತನ ಮೊದಲ ಬೋಧಕರ) ನಂತರ ಬೋಧಕರ ಜಾಗಕ್ಕೆ ತೋಳಗಳು ಬರುವವು. ಹಣ, ಹೆಸರು, ಅಧಿಕಾರದ ಹಿಂದೆ ಹೋಗುವವು. ಮನಸ್ಸಾಕ್ಷಿಯನ್ನು ಬಲವಂತದಿಂದ ಬಗ್ಗಿಸುವವು. ಲೋಕ ಹೀಗೇ ನಡೆಯುವುದು, ಒಳ್ಳೆಯವರಿಗೆ ಕೆಡುಕಾಗಿ, ಕೆಟ್ಟವರಿಗೆ ಅನುಕೂಲವಾಗಿ, ತನ್ನ ಭಾರಕ್ಕೆ ತಾನೇ ನರಳುತ್ತಾ, ‘ನೀತಿವಂತರು ಉಸಿರುಬಿಡುವ ದಿನ ಬರುವ ತನಕ’. ಇದು 537ರಿಂದ 540ರ ನಡುವೆ ಇದೆ. ಈ ‘ತನಕ’ದ ತೂಕವೇ ಬೇರೆ. 1660ರಲ್ಲಿ ಇಂಗ್ಲೆಂಡಿಗೆ ರಾಜಪ್ರಭುತ್ವ ಮರಳಿ ಬಂದು, ರಾಜನಿಲ್ಲದ ಆಡಳಿತಕ್ಕಾಗಿ ತಾನು ದುಡಿದದ್ದೆಲ್ಲ ಕುಸಿದದ್ದನ್ನು ಕಂಡ ಮನುಷ್ಯ ಬರೆದ ಸಾಲುಗಳಿವು.

ಆಮೇಲೆ ಎರಡನೇ ಸಲ ಕೊನೆ, 546ರಿಂದ 551ರಲ್ಲಿ. ಸೈತಾನನನ್ನೂ ಅವನು ಕೆಡಿಸಿದ ಲೋಕವನ್ನೂ ಕರಗಿಸಿ, ಉರಿಯುವ ಆ ಮುದ್ದೆಯಿಂದ ಶುದ್ಧವಾದ ಹೊಸ ಆಕಾಶ, ಹೊಸ ಭೂಮಿಯನ್ನು ಎತ್ತುವುದು. ಇಲ್ಲಿನ ಪದಗಳು ಅಕ್ಕಸಾಲಿಯ ಕೆಲಸದವು, ಪುಟಕ್ಕಿಟ್ಟ ಚಿನ್ನದ ಹಾಗೆ. ಬೆಂಕಿ ಬರೀ ನಾಶಕ್ಕೆ ಎಂದು ಬರೆದರೆ ಅರ್ಧ ಮಾತ್ರ ಹೇಳಿದಂತೆ.

ಇನ್ನೊಂದು ಬಲೆ 587ನೇ ಸಾಲಿನಲ್ಲಿದೆ. ನಂಬಿಕೆ, ತಾಳ್ಮೆ, ಪ್ರೀತಿ ಇವನ್ನು ಬೆಳೆಸಿಕೊಂಡರೆ ನಿನ್ನೊಳಗೇ ಒಂದು ತೋಟ ಇರುವುದು, ಇದಕ್ಕಿಂತ ಎಷ್ಟೋ ಸುಖವಾದದ್ದು ಎನ್ನುತ್ತಾನೆ ಮಿಕಾಯೇಲ. ಇದನ್ನು ಹಿಡಿದು ಮಿಲ್ಟನ್‌ಗೆ ಲೋಕಾಂತ್ಯವೆಲ್ಲ ಬರೀ ಮನಸ್ಸಿನ ಸಂಗತಿ ಎಂದು ವಾದಿಸುವವರಿದ್ದಾರೆ. ಆದರೆ ‘ಎಷ್ಟೋ ಸುಖ’ ಎಂಬ ಮಾತು 464, 465ರಲ್ಲೂ ಬಂದಿತ್ತು, ನೆನಪಿದೆಯಾ? ಅಲ್ಲಿ ಅದು ಕಾಲದ ಕೊನೆಯಲ್ಲಿ ಇಡೀ ಭೂಮಿಗೆ ಸಿಗುವುದು. ಇಲ್ಲಿ ಅದು ಈಗಲೇ, ಒಬ್ಬನ ಒಳಗೆ, ಆ ಕೊನೆ ಬರುವ ತನಕ ನಡೆಯಲು ಬೇಕಾದ ಬುತ್ತಿ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಬೇಡಿ.

ಹಂತ 7: ಘಟಸರ್ಪ ಎಷ್ಟು ಸಲ ಸೋಲುತ್ತದೆ ಎಂದು ಎಣಿಸಿ

ಪ್ರಕಟನೆ 12ರಲ್ಲಿ ಮಿಕಾಯೇಲ ಘಟಸರ್ಪದೊಂದಿಗೆ ಕಾದಾಡುತ್ತಾನೆ. ಮಿಲ್ಟನ್‌ನ 6ನೇ ಪುಸ್ತಕದಲ್ಲೂ ಮಿಕಾಯೇಲ ಸೈತಾನನೊಂದಿಗೆ ಕಾದಾಡುತ್ತಾನೆ. ಹಾಗಾಗಿ 6ನೇ ಪುಸ್ತಕವೇ ಕೊನೆಯ ಯುದ್ಧ ಎಂದು ಬರೆಯುವುದು ತುಂಬ ಸಾಮಾನ್ಯ. ಆದರೆ 6ನೇ ಪುಸ್ತಕದ ಯುದ್ಧ ನಡೆಯುವುದು ಲೋಕ ಸೃಷ್ಟಿಯಾಗುವ ಮೊದಲು. ದೇವದೂತ ರಫಾಯೇಲ ಆದಾಮನಿಗೆ ಹೇಳುವ ಹಳೆಯ ಕಥೆ ಅದು. ಮೂರನೇ ದಿನ ಮಗನು ಒಬ್ಬನೇ ರಥವೇರಿ ಬಂಡೆದ್ದವರನ್ನು ಓಡಿಸುತ್ತಾನೆ, ಅವರು ಒಂಬತ್ತು ದಿನ ಬೀಳುತ್ತಾರೆ.

ಗೊಂದಲ ಬಿಡಿಸುವ ಸಾಲು 4ನೇ ಪುಸ್ತಕದ ಶುರುವಿನಲ್ಲೇ ಇದೆ. ಪ್ರಕಟನೆಯನ್ನು ಕಂಡವನು ಕೇಳಿದ ಆ ಎಚ್ಚರಿಕೆಯ ದನಿ ಈಗ ಬೇಕಿತ್ತು ಎಂದು ಕವಿ ಹಂಬಲಿಸುತ್ತಾರೆ. ಘಟಸರ್ಪ ‘ಎರಡನೇ ಸಲ ಸೋತು’ ಕೆಳಗೆ ಬಂದಾಗ ಕೇಳಿದ ದನಿ ಅದು. ಎರಡನೇ ಸಲ ಎಂದರೆ ಮೊದಲನೆಯದು ಬೇರೆ ಇದೆ. 6ನೇ ಪುಸ್ತಕದ್ದು ಮೊದಲ ಸೋಲು. ಕಾಲಂನಲ್ಲಿ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಜೊತೆಗೆ 12ನೇ ಪುಸ್ತಕದ 386ನೇ ಸಾಲನ್ನೂ ಸೇರಿಸಿ. ಸರ್ಪದ ತಲೆ ಜಜ್ಜುವ ಕಾಳಗ ಎಲ್ಲಿ, ಯಾವಾಗ ಎಂದು ಆದಾಮ ಕುತೂಹಲದಿಂದ ಕೇಳುತ್ತಾನೆ. ಅದನ್ನು ಇಬ್ಬರ ಕುಸ್ತಿಯ ಹಾಗೆ ಕನಸು ಕಾಣಬೇಡ ಎಂದು ಮಿಕಾಯೇಲ ತಿದ್ದುತ್ತಾನೆ. ಸೈತಾನನನ್ನು ಮುಗಿಸುವುದು ಎಂದರೆ ಅವನು ನಿನ್ನಲ್ಲಿ ಮಾಡಿದ ಕೆಡುಕನ್ನು ಮುಗಿಸುವುದು ಎನ್ನುತ್ತಾನೆ. ಲೋಕಾಂತ್ಯವನ್ನು ಸಿನಿಮಾದ ಕ್ಲೈಮ್ಯಾಕ್ಸ್ ಫೈಟ್‌ನಂತೆ ಹುಡುಕುವವರಿಗೆ ಈ ತಿದ್ದುಪಡಿ ಬೇಕು.

ಹಂತ 8: ಇಲ್ಲದ್ದನ್ನೂ ಪಟ್ಟಿ ಮಾಡಿ

ಈ ಹಂತವನ್ನು ಬಿಡಬೇಡಿ. ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಕೊನೆಗೆ ತಾರೀಖು ಇಲ್ಲ. ಕ್ರಿಸ್ತ ಸಾವಿರ ವರುಷ ಭೂಮಿಯಲ್ಲಿ ಆಳುವನು ಎಂಬ ನೇರ ಮಾತೂ ಇಲ್ಲ. ಮಿಲ್ಟನ್ ಬದುಕಿದ್ದ ಇಂಗ್ಲೆಂಡಿನಲ್ಲಿ ಲೆಕ್ಕ ಹಾಕಿ ದಿನ ಹೇಳುವವರು ಬೇಕಾದಷ್ಟಿದ್ದರು. ಕ್ರಿಸ್ತನ ರಾಜ್ಯ ಈಗಲೇ ಬರಲಿ ಎಂದು 1661ರ ಜನವರಿಯಲ್ಲಿ ಲಂಡನ್ ಬೀದಿಯಲ್ಲಿ ಕತ್ತಿ ಹಿಡಿದವರೂ ಇದ್ದರು. ಆರು ವರ್ಷದ ನಂತರ ಬಂದ ಈ ಕಾವ್ಯ ಆ ಲೆಕ್ಕಕ್ಕೆ ಕೈ ಹಾಕುವುದಿಲ್ಲ.

ಮಿಲ್ಟನ್ ಅವರದೆಂದು ಹೇಳುವ ‘ದೆ ದೊಕ್ಟ್ರೀನಾ ಕ್ರಿಸ್ಟಿಯಾನಾ’ (ಕ್ರೈಸ್ತ ಬೋಧನೆಯ ಕುರಿತು) ಎಂಬ ಲ್ಯಾಟಿನ್ ಗ್ರಂಥ 1823ರಲ್ಲಿ ಸಿಕ್ಕಿ 1825ರಲ್ಲಿ ಅಚ್ಚಾಯಿತು. ಅದರಲ್ಲಿ ಸಾವಿರ ವರುಷದ ಆಳ್ವಿಕೆ ಇದೆ. ದೇಹದ ಜೊತೆ ಆತ್ಮವೂ ಸತ್ತು ಪುನರುತ್ಥಾನದ ದಿನವೇ ಏಳುತ್ತದೆ ಎಂಬ ವಾದವೂ ಇದೆ. ಅದನ್ನು ತಂದು ಕಾವ್ಯದ ಮೇಲೆ ಸುಮ್ನೆ ಅಂಟಿಸಬೇಡಿ. 10ನೇ ಪುಸ್ತಕದ 792ರಲ್ಲಿ ‘ಹಾಗಾದರೆ ನಾನು ಪೂರ್ತಿಯಾಗಿ ಸಾಯುವೆ’ ಎನ್ನುವುದು ನಿಜ. ಆದರೆ ಹೇಳುವವನು ರಾತ್ರಿಯಲ್ಲಿ ನೆಲದ ಮೇಲೆ ಬಿದ್ದುಕೊಂಡು ಅಳುವ ಆದಾಮ. ಎರಡನ್ನೂ ಪಕ್ಕಪಕ್ಕ ಇಟ್ಟು ಹೊಂದುತ್ತವೆ ಎನ್ನಬಹುದು, ಒಂದೇ ಎನ್ನಬಾರದು.

ತಾರೀಖಿನ ವಿಷಯಕ್ಕೆ ಕಡೇ ಮಾತು ಮಿಲ್ಟನ್‌ನ ಇನ್ನೊಂದು ಕಾವ್ಯ, 1671ರ ‘ಪ್ಯಾರಡೈಸ್ ರಿಗೇನ್ಡ್’ನಲ್ಲಿದೆ. ಅದರ 4ನೇ ಪುಸ್ತಕದ 146ರಿಂದ 153 ಓದಿ. ನನ್ನ ರಾಜ್ಯ ಭೂಮಿಗೆಲ್ಲ ನೆರಳಾಗುವ ಮರದಂತೆ ಬರುವುದು, ಎಲ್ಲ ಅರಸೊತ್ತಿಗೆಗಳನ್ನು ಪುಡಿಮಾಡುವ ಕಲ್ಲಿನಂತೆ ಬರುವುದು ಎಂದು ಯೇಸು ಸೈತಾನನಿಗೆ ಹೇಳುತ್ತಾನೆ. ಕಲ್ಲು ದಾನಿಯೇಲ 2ರದ್ದು. ಆದರೆ ಅದು ಬರುವ ಬಗೆ ಯಾವುದು ಎಂಬುದು ನಿನಗೆ ತಿಳಿಯತಕ್ಕದ್ದಲ್ಲ, ನಾನು ಹೇಳತಕ್ಕದ್ದೂ ಅಲ್ಲ. 391ರ ಹತ್ತಿರ ಸೈತಾನನೂ ನಕ್ಷತ್ರಗಳನ್ನೆಲ್ಲ ಓದಿ, ದಿನ ಮಾತ್ರ ಕಾಣುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ.

ಹಂತ 9: ಹೋಲಿಕೆಗೆ ಸ್ಪೆನ್ಸರ್, ಆದರೆ ಕೊನೆಯಲ್ಲಿ

ಮಿಲ್ಟನ್‌ಗಿಂತ ಹಿಂದಿನ ಇಂಗ್ಲಿಷ್ ಕವಿ ಎಡ್ಮಂಡ್ ಸ್ಪೆನ್ಸರ್‌ನ ‘ದಿ ಫೇರಿ ಕ್ವೀನ್’ ಕಾವ್ಯ 1590ರದ್ದು. ಮೊದಲ ಪುಸ್ತಕ ಒಂದೇ ಸಾಕು. 7ನೇ ಕಾಂಟೋದಲ್ಲಿ (ಅಧ್ಯಾಯದಲ್ಲಿ) ಏಳು ತಲೆಯ ಮೃಗದ ಮೇಲೆ ಮೂರು ಸುತ್ತಿನ ಕಿರೀಟ ತೊಟ್ಟ ಮೋಸಗಾತಿ ಡುಯೆಸ್ಸಾ ಬರುತ್ತಾಳೆ. ಅದು ಪ್ರಕಟನೆ 17, ಜೊತೆಗೆ ಪೋಪ್‌ನ ಕಿರೀಟದ ಮೇಲಿನ ಪ್ರಾಟೆಸ್ಟೆಂಟ್ ಕೋಪ. ಆ ಕಾಲದ ಜಗಳ ಅದು. ಇಡೀ ಕ್ರೈಸ್ತರ ನಂಬಿಕೆ ಎಂದು ಬರೆಯಬೇಡಿ. 10ನೇ ಕಾಂಟೋದಲ್ಲಿ ಬೆಟ್ಟದ ಮೇಲಿನಿಂದ ಹೊಸ ಯೆರೂಸಲೇಮ್ ಕಾಣುತ್ತದೆ. 11ನೆಯದರಲ್ಲಿ ಮೂರು ದಿನದ ಘಟಸರ್ಪ ಕಾಳಗ.

12ನೆಯದನ್ನು ನಿಧಾನವಾಗಿ ಓದಿ. ಘಟಸರ್ಪ ಸತ್ತಿದೆ, ಅದನ್ನು ಕೊಂದ ವೀರನಿಗೆ ನಾಯಕಿ ಊನಾಳೊಂದಿಗೆ ಮದುವೆ ನಿಶ್ಚಯವಾಗಿದೆ. ಆದರೂ ವೀರ ಅಲ್ಲಿ ಉಳಿಯುವಂತಿಲ್ಲ. ಇನ್ನೂ ಆರು ವರ್ಷ ರಾಣಿಯ ಸೇವೆ ಬಾಕಿ ಇದೆ. ಮಿಲ್ಟನ್‌ನ ‘ತನಕ’ ಇಲ್ಲಿ ಆರು ವರ್ಷದ ರೂಪ ತಾಳಿದೆ.

ದಾರಿ ತಪ್ಪಿದ್ದೀರಿ ಎನ್ನುವ ಸೂಚನೆಗಳು

ನಿಮ್ಮ ಟಿಪ್ಪಣಿಯಲ್ಲಿ 1, 2 ಮತ್ತು 9ನೇ ಪುಸ್ತಕಗಳ ಸಾಲುಗಳೇ ತುಂಬಿದ್ದರೆ 3ನೇ ಹಂತಕ್ಕೆ ವಾಪಸ್ ಹೋಗಿ.

‘ಮಿಲ್ಟನ್ ಹೇಳುತ್ತಾರೆ’ ಎಂದು ಪದೇ ಪದೇ ಬರೆಯುತ್ತಿದ್ದರೆ ನಿಲ್ಲಿ. ಹೇಳುತ್ತಿರುವುದು ತಂದೆಯೋ, ಸೈತಾನನೋ, ಅಳುವ ಆದಾಮನೋ ನೋಡಿ.

ಲೋಕಾಂತ್ಯವನ್ನು ವಿವರಿಸುವಾಗ ಬರೀ ಬೆಂಕಿ ಬಂದು, ಹೊಸ ಭೂಮಿ ಬರದಿದ್ದರೆ ಒಂದು ಸಾಲು ಮುಂದಕ್ಕೆ ಓದಿಲ್ಲ ಎಂದರ್ಥ. ಬರೀ ತೋಟ ಬಂದು ತೋಳಗಳು ಬರದಿದ್ದರೆ 465ರಲ್ಲೇ ಪುಸ್ತಕ ಮುಚ್ಚಿದ್ದೀರಿ.

ನಿಮ್ಮ ಬರಹದಲ್ಲಿ ಒಂದು ತಾರೀಖು ಅಥವಾ ಇಸವಿ ಲೋಕಾಂತ್ಯದ ದಿನವಾಗಿ ಕಾಣಿಸಿಕೊಂಡಿದ್ದರೆ ಅದು ಬೇರೆ ಯಾರದೋ ಪುಸ್ತಕದಿಂದ ಬಂದಿದೆ.

ಕೊನೆಗೆ ಒಂದು ಪರೀಕ್ಷೆ. 12ನೇ ಪುಸ್ತಕದ 632ರಿಂದ 649ರ ತನಕ ಜೋರಾಗಿ ಓದಿ. ದೇವರ ಕತ್ತಿ ಧೂಮಕೇತುವಿನಂತೆ ಉರಿಯುತ್ತಿದೆ, ಏದೆನ್ ಬಾಗಿಲಲ್ಲಿ ಭಯಂಕರ ಮುಖಗಳು ತುಂಬಿವೆ. ಎಲ್ಲ ಚಿತ್ರವೂ ಕಡೇ ದಿನದಂತೆಯೇ ಇದೆ. ಹಾಗಿದ್ದೂ ಇದು ಕಡೇ ದಿನ ಯಾಕಲ್ಲ ಎಂಬುದಕ್ಕೆ ಆ ಸಾಲುಗಳಿಂದಲೇ ಕಾರಣ ಹುಡುಕಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಆದಾಮ ಹವ್ವ ಕಣ್ಣೊರೆಸಿಕೊಂಡು, ಕೈ ಕೈ ಹಿಡಿದು, ನಿಧಾನವಾಗಿ ಹೆಜ್ಜೆ ಹಾಕುವುದು ಎತ್ತ ಕಡೆಗೆ ಎಂದು ನೋಡಿದರೆ ಉತ್ತರ ಸಿಗುತ್ತದೆ.